ಕಬ್ಬಿಣದ ಬಣ್ಣ, ಪ್ಲಾಸ್ಟಿಕ್ಕಿನ ಮೈ



ಮಂಗಳೂರಿಗೆ ಹೋದಾಗ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯ ಅಲೋಶಿಯಂ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಿ. ಮಂಗಳೂರಿನ ಮೊದಲ ಕಾರೆಂದು ಹೆಸರಾದ, ಫ್ರಾನ್ಸಿನ ದೆ ದಿಯೋಂ ಬೂತೋಂ ಕಂಪನಿಯ 1906ರ ಕಾರು ಅಲ್ಲಿದೆ. ಅಂಥದೊಂದು ಪುಟ್ಟ ಪ್ಲಾಸ್ಟಿಕ್ ಮಾದರಿ ಮಾಡಿ, ನಿಜವಾದ ಕಾರಿನ ಬಣ್ಣವನ್ನೇ ಅದಕ್ಕೂ ಹೊಡೆಯೋಣವೆಂದು ನಿಮಗೆ ಅನ್ನಿಸಬಹುದು. ನನಗೂ ಒಮ್ಮೆ ಹಾಗೇ ಅನ್ನಿಸಿತ್ತು.

ಕಾರ್ಯಕ್ರಮವೊಂದಕ್ಕಾಗಿ ತಿಂಗಳುಗಟ್ಟಲೆ ಕೂತು ಪ್ಲಾಸ್ಟಿಕ್ ಕಾರೊಂದನ್ನು ಜೋಡಿಸಿದ್ದೆ. ಜುಲೈ ತಿಂಗಳು, ಮಂಗಳೂರಿನ ಮಳೆ. ಚಿತ್ರೀಕರಣದ ಹಿಂದಿನ ಸಂಜೆ ಗ್ಯಾರೇಜಿಗೆ ಒಯ್ದು, ಪೇಂಟರು ಬೇಡವೆಂದರೂ ಕೇಳದೆ, ಒಂದೇ ಸಲಕ್ಕೆ ದಪ್ಪಗೆ ಬಣ್ಣ ಹೊಡೆಸಿದೆ. ಬೆಳಗಾಗುವಷ್ಟರಲ್ಲಿ ಬಾಗಿಲಿನ ಗೆರೆಗಳು ಕರಗಿದ್ದವು. ಮೈತುಂಬ ಬಿರುಕು, ಮೇಲೆ ಬೂದಿ ಬಳಿದಂಥ ಬಿಳುಪು. ವಿಜ್ಞಾನ ಓದಿದವನಾದರೂ ನಾನು ಎಡವಿದ್ದೆಲ್ಲಿ? ಉತ್ತರ ಬಣ್ಣದ ಇತಿಹಾಸದಲ್ಲಿದೆ.

1906ರ ಸುಮಾರಿಗೆ ಕಾರಿಗೂ ಸಾರೋಟಿನಂತೆ ಎಣ್ಣೆಬಣ್ಣ ಮತ್ತು ವಾರ್ನಿಷನ್ನು ಕುಂಚದಿಂದ ಬಳಿಯುತ್ತಿದ್ದರು. ಬಳಿಯಬೇಕು, ಒಣಗಿಸಬೇಕು, ಉಜ್ಜಬೇಕು, ಮತ್ತೆ ಬಳಿಯಬೇಕು. ಕೆಲಸ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಕಾರ್ಖಾನೆಗಳ ವೇಗ ಹೆಚ್ಚಿದಂತೆ ಈ ಒಣಗುವಿಕೆಯೇ ದೊಡ್ಡ ತೊಡಕಾಯಿತು. 1923ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯು ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣವನ್ನು ತಂದಿತು. ಜನರಲ್ ಮೋಟಾರ್ಸಿನ ಓಕ್‌ಲೆಂಡ್ ಕಾರುಗಳು ಅದನ್ನು ಮೊದಲು ಧರಿಸಿದವು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು.

ಇಷ್ಟು ಬೇಗ ಒಣಗುವ ಬಣ್ಣಕ್ಕೆ ಕುಂಚ ಒಗ್ಗದು. ನೆರವಿಗೆ ಬಂದದ್ದು ಸ್ಪ್ರೇ ಗನ್. ಇದರ ತವರು ವೈದ್ಯರ ಕೋಣೆ ಎಂದರೆ ನಂಬುವಿರಾ? ಟೊಲೆಡೊ ನಗರದ ವೈದ್ಯ ಅಲೆನ್ ಡಿವಿಲ್ಬಿಸ್ ಗಂಟಲಿಗೆ ಔಷಧ ಸಿಂಪಡಿಸಲು ಮಾಡಿದ ಸಾಧನವನ್ನು ಅವರ ಮಗ ಥಾಮಸ್ ಮುಂದೆ ಬಣ್ಣಕ್ಕೆ ಅಳವಡಿಸಿದರು. 1949ರಲ್ಲಿ ಎಡ್ವರ್ಡ್ ಸೇಮೂರ್ ಬಣ್ಣವನ್ನೂ ಒತ್ತಡವನ್ನೂ ಒಂದೇ ಡಬ್ಬಿಯಲ್ಲಿ ತುಂಬಿದರು.

ಮಾದರಿ ಕಾರುಗಳ ಕಥೆಯೂ ಇದೇ ಕಾಲದ್ದು. 1948ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಎ.ಎಂ.ಟಿ. ಕಂಪನಿಯ ಮೊದಲ ಮಾದರಿ ಅಲ್ಯೂಮಿನಿಯಂನ ಫೋರ್ಡ್ ಕಾರು. ಅದಕ್ಕೆ ಹೊಡೆದದ್ದು ಫೋರ್ಡ್ ಕಾರಿನದೇ ಬಣ್ಣ. ಲೋಹಕ್ಕೆ ಲೋಹದ ಬಣ್ಣ; ಜಗಳವಿಲ್ಲ. ಆದರೆ ಬೇಗನೆ ಮಾದರಿಗಳ ಮೈ ಪ್ಲಾಸ್ಟಿಕ್ ಆಯಿತು. ಇಂದಿನ ಜೋಡಣೆಯ ಕಿಟ್‌ಗಳು ಬಹುಮಟ್ಟಿಗೆ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು.

ತೊಂದರೆ ಇರುವುದು ಇಲ್ಲೇ. ಕಾರಿನ ಬಣ್ಣ ಬೇಗ ಒಣಗುವುದು ಅದರಲ್ಲಿರುವ ಟಾಲ್ವಿನ್, ಅಸಿಟೋನ್‌ನಂಥ ದ್ರಾವಕಗಳಿಂದ. ಉಕ್ಕಿಗೆ ಇವು ಏನೂ ಮಾಡವು. ಪಾಲಿಸ್ಟೈರೀನನ್ನೋ ಕರಗಿಸಿಬಿಡುತ್ತವೆ. ಇನ್ನು ಆ ಬಿಳುಪು? ದ್ರಾವಕ ಥಟ್ಟನೆ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಕರಾವಳಿಯ ಮಳೆಗಾಲದ ಗಾಳಿಯಲ್ಲಿರುವ ನೀರಾವಿ ಅದರ ಮೇಲೆ ಹನಿಗಟ್ಟಿ ಬಣ್ಣದೊಳಗೆ ಸೇರಿಕೊಳ್ಳುತ್ತದೆ.

ಹಾಗಾದರೆ ಉಪಾಯವೇನು? ಮಾದರಿಯನ್ನು ಸಾಬೂನಿನಿಂದ ತೊಳೆದು ಒಣಗಿಸಿ. ಪ್ಲಾಸ್ಟಿಕ್ಕಿಗೆಂದೇ ಮಾಡಿದ ಪ್ರೈಮರ್ ಹಚ್ಚಿ. ಬಿಸಿಲಿರುವ ದಿನ ದೂರದಿಂದ ಮಂಜಿನಂತೆ ತೆಳುವಾಗಿ ಸಿಂಪಡಿಸಿ, ಒಣಗಲು ಬಿಟ್ಟು ಮತ್ತೆ ಸಿಂಪಡಿಸಿ. ಪದರ ತೆಳುವಾದಷ್ಟೂ ದ್ರಾವಕ ಪ್ಲಾಸ್ಟಿಕ್ಕನ್ನು ಕಚ್ಚುವ ಮೊದಲೇ ಹಾರಿಹೋಗುತ್ತದೆ. ಕಿಟ್‌ನಲ್ಲಿ ಉಳಿದ ತುಂಡಿನ ಮೇಲೆ ಮೊದಲು ಪರೀಕ್ಷಿಸಿ. ನೋಡಿ, ಬೇಗ ಒಣಗಲೆಂದು ಹುಟ್ಟಿದ ಬಣ್ಣ ಪ್ಲಾಸ್ಟಿಕ್ಕಿನ ಮುಂದೆ ನಮಗೆ 1906ರ ತಾಳ್ಮೆಯನ್ನೇ ಮತ್ತೆ ಕಲಿಸುತ್ತದೆ.

ಕೊನೆಯದಾಗಿ ಒಂದು ಮಾತು. ಈ ಕೆಲಸವನ್ನು ಬಯಲು ಗಾಳಿಯಲ್ಲಿ, ಬೆಂಕಿಯಿಂದ ದೂರ, ಹಿರಿಯರ ಜೊತೆಯಲ್ಲೇ ಮಾಡಿ. ಗ್ಯಾರೇಜುಗಳಲ್ಲಿ ಗಟ್ಟಿಕಾರಕ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣವನ್ನು ಮನೆಗೆ ತರಲೇಬೇಡಿ. ಅದರಲ್ಲಿನ ಐಸೊಸಯನೇಟ್ ಉಬ್ಬಸ ತರಬಲ್ಲದು. ಮೂಗಿಗೆ ಕಟ್ಟಿದ ಬಟ್ಟೆ ಅದನ್ನು ತಡೆಯದು.

ಅಂದು ನನ್ನ ಕಾರಿಗೆ ಬಣ್ಣ ಹೊಡೆದ ಪೇಂಟರು ಮುಖಕ್ಕೆ ಬರಿಯ ಬೈರಾಸು ಸುತ್ತಿಕೊಂಡಿದ್ದರು. ನಡುನಡುವೆ ಕೆಮ್ಮುತ್ತಿದ್ದರು. ನನ್ನ ಮಾದರಿ ಹಾಳಾದದ್ದು ಒಂದೇ ರಾತ್ರಿ. ಅವರು ಆ ಮಂಜಿನಲ್ಲಿ ದಿನವೂ ನಿಲ್ಲುತ್ತಿದ್ದರು. ಹೊಳೆಯುವ ಕಾರು ಕಂಡಾಗ ನೀವು ಅಂಥವರನ್ನೂ ನೆನೆಯಿರಿ.