ಪ್ರೌಢಶಾಲಾ ಆಟಗಾರರ ಕಾಲೇಜು ತಂಡ ಪ್ರವೇಶ (ಚಿಕ್ಕೋಡಿ ಭಾಗ)

ಶಾಲಾ ಕ್ರೀಡಾಕೂಟಗಳಲ್ಲಿ ಮಿಂಚಿದವರನ್ನು ಕಾಲೇಜು ತಂಡಗಳಿಗೆ ಆರಿಸಿಕೊಳ್ಳುವ ಕ್ರಮ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಶಾಲೆಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಇಲ್ಲಿನ ಬಾಸ್ಕೆಟ್‌ಬಾಲ್, ಕಬಡ್ಡಿ, ಕೊಕ್ಕೊ ಆಟಗಾರರು ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯಮಟ್ಟಗಳನ್ನು ಹಂತಹಂತವಾಗಿ ಏರುತ್ತಾರೆ. ಅಲ್ಲಿ ಪಡೆದ ಪ್ರಮಾಣಪತ್ರಗಳು ಮುಂದೆ ಕ್ರೀಡಾ ಮೀಸಲಾತಿಗೆ ನೆರವಾಗುತ್ತವೆ.

ಅಮೆರಿಕದ ಕಾಲೇಜು ತರಬೇತುದಾರರು ಪ್ರೌಢಶಾಲೆಗಳಿಗೇ ಹೋಗಿ ವಿದ್ಯಾರ್ಥಿವೇತನದ ಭರವಸೆ ನೀಡುತ್ತಾರೆ. ಆದರೆ ಚಿಕ್ಕೋಡಿ ಭಾಗದಲ್ಲಿ ಕಾಲೇಜು ಪ್ರವೇಶ ಮೊದಲು, ತಂಡದ ಆಯ್ಕೆ ನಂತರ. ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಬಾಸ್ಕೆಟ್‌ಬಾಲ್ ಮೈದಾನದಲ್ಲಿ ಆಟಗಾರರ ಎತ್ತರವನ್ನಷ್ಟೇ ನೋಡುವುದಿಲ್ಲ. ಎರಡೂ ಕೈಗಳಿಂದ ಚೆಂಡು ಪುಟಿಸುವ ಹಿಡಿತ, 3.05 ಮೀಟರ್ ಎತ್ತರದ ಬುಟ್ಟಿಗೆ ಗುರಿಯಿಡುವ ನಿಖರತೆ, ಸಹ ಆಟಗಾರರಿಗೆ ಚೆಂಡು ಒಪ್ಪಿಸುವ ಬುದ್ಧಿಯನ್ನೂ ಅಳೆಯುತ್ತಾರೆ. ಪದವಿ ಹಂತದಲ್ಲಿ, 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಗಳು ವಿಶ್ವವಿದ್ಯಾಲಯ ತಂಡಕ್ಕೆ ದಾರಿಯಾಗುತ್ತವೆ.