ಜನರೇಟರ್‌ನ ಭೂದೋಷ ಮತ್ತು ನ್ಯೂಟ್ರಲ್ ಅರ್ಥಿಂಗ್

ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣಾ ನದಿಯ ದಡದಲ್ಲಿರುವ ಶಾಖೋತ್ಪನ್ನ ವಿದ್ಯುತ್ ಕೇಂದ್ರದ (ಆರ್‌ಟಿಪಿಎಸ್) ಮೊದಲ ಘಟಕ 1985ರಲ್ಲಿ ಆರಂಭವಾಯಿತು. ತಲಾ 210 ಮೆಗಾವಾಟ್‌ನ ಏಳು ಹಾಗೂ 250 ಮೆಗಾವಾಟ್‌ನ ಒಂದು ಘಟಕದೊಂದಿಗೆ ಅದರ ಸ್ಥಾಪಿತ ಸಾಮರ್ಥ್ಯ 1720 ಮೆಗಾವಾಟ್‌ಗೆ ಏರಿತು. ಇಂತಹ ಕೇಂದ್ರಗಳ ಘಟಕ ನಿಂತಾಗ ಬಾಯ್ಲರ್ ಕೊಳವೆಯ ಸೋರಿಕೆ, ಕಲ್ಲಿದ್ದಲಿನ ಕೊರತೆಗಳೇ ಸುದ್ದಿಯಾಗುತ್ತವೆ. ಅವಕ್ಕಿಂತ ಅಪರೂಪವಾದರೂ ಯಂತ್ರಕ್ಕೆ ಹೆಚ್ಚು ಮಾರಕವಾದುದು ಜನರೇಟರ್‌ನೊಳಗಿನ ಭೂದೋಷ, ಅಂದರೆ ಅರ್ಥ್ ಫಾಲ್ಟ್.

ಸ್ಟೇಟರ್‌ನ ತಾಮ್ರದ ಸುರುಳಿಗಳು ಉಕ್ಕಿನ ತೆಳು ತಗಡುಗಳಿಂದಾದ ಕೋರ್‌ನಲ್ಲಿ ಅಡಕವಾಗಿರುತ್ತವೆ. ಶಾಖ, ಕಂಪನ ಅಥವಾ ತೇವದಿಂದ ಇನ್ಸುಲೇಷನ್ ಕೆಟ್ಟರೆ ವಿದ್ಯುತ್ ಕೋರ್ ಮೂಲಕ ಭೂಮಿಗೆ ಹರಿಯುತ್ತದೆ. ಸುರುಳಿಯನ್ನು ಬದಲಿಸಬಹುದು, ಆದರೆ ಕಿಡಿಯ ಶಾಖಕ್ಕೆ ತಗಡುಗಳು ಕರಗಿ ಬೆಸೆದುಕೊಂಡರೆ ಕೋರನ್ನೇ ಬಿಚ್ಚಿ ಕಟ್ಟಬೇಕು. ಅದು ತಿಂಗಳುಗಟ್ಟಲೆಯ ಕೆಲಸ.

ಆದ್ದರಿಂದ ದೊಡ್ಡ ಜನರೇಟರ್‌ಗಳ ನ್ಯೂಟ್ರಲನ್ನು ನೇರವಾಗಿ ಭೂಮಿಗೆ ಜೋಡಿಸುವುದಿಲ್ಲ. ನಡುವೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರಿಸಿ, ಅದರ ಇನ್ನೊಂದು ಬದಿಗೆ ರೆಸಿಸ್ಟರ್ ಅಳವಡಿಸಲಾಗುತ್ತದೆ. 210 ಮೆಗಾವಾಟ್ ಯಂತ್ರ 15.75 ಕಿಲೋವೋಲ್ಟ್‌ನಲ್ಲಿ ಸಾವಿರಾರು ಆಂಪಿಯರ್ ಹರಿಸುತ್ತದೆ. ಈ ವ್ಯವಸ್ಥೆಯಲ್ಲಿ ಭೂದೋಷದ ಪ್ರವಾಹ ಮಾತ್ರ 5ರಿಂದ 10 ಆಂಪಿಯರ್‌ಗೆ ಮಿತಿಗೊಳ್ಳುತ್ತದೆ. ಹಾಗೆಂದು ನ್ಯೂಟ್ರಲನ್ನು ಜೋಡಿಸದೆಯೇ ಬಿಡುವಂತಿಲ್ಲ. ಹಾಗೆ ಬಿಟ್ಟರೆ ಕಿಡಿ ಹೊತ್ತಿ ಆರುವಾಗ ವೋಲ್ಟೇಜ್ ವಿಪರೀತ ಏರಿ, ಚೆನ್ನಾಗಿರುವ ಇನ್ಸುಲೇಷನ್ ಕೂಡ ಹಾಳಾಗಬಹುದು.

ದೋಷವಾದಾಗ ರೆಸಿಸ್ಟರ್‌ನಲ್ಲಿ ಕಾಣುವ ವೋಲ್ಟೇಜನ್ನು ಗ್ರಹಿಸಿ ರಿಲೇ ಯಂತ್ರವನ್ನು ನಿಲ್ಲಿಸುತ್ತದೆ. ಆದರೆ ನ್ಯೂಟ್ರಲ್‌ಗೆ ಹತ್ತಿರದ ಸುಮಾರು ಶೇ 5ರಷ್ಟು ಸುರುಳಿಯಲ್ಲಿನ ದೋಷ ಈ ರಿಲೇಗೆ ಕಾಣುವುದಿಲ್ಲ. ಆ ಭಾಗಕ್ಕೆ 150 ಹರ್ಟ್ಸ್‌ನ ಮೂರನೇ ಹಾರ್ಮೋನಿಕ್ ವೋಲ್ಟೇಜನ್ನು ಗಮನಿಸುವ ರಿಲೇ ಬೇಕು. ಇಲ್ಲವೇ, ಹೊರಗಿನಿಂದ ಕಡಿಮೆ ಆವರ್ತನದ ಸಂಕೇತ ಕಳುಹಿಸಿ ಪರೀಕ್ಷಿಸಬೇಕು.

ಅಪಾರ್ಟ್‌ಮೆಂಟ್, ಆಸ್ಪತ್ರೆಗಳ 415 ವೋಲ್ಟ್ ಡೀಸೆಲ್ ಜನರೇಟರ್‌ಗೆ ಇದೇ ವಿಧಾನ ಹೊಂದದು. ಅಲ್ಲಿ ಯಂತ್ರಕ್ಕಿಂತ ಮೊದಲು ಕಾಯಬೇಕಾದುದು ಮನುಷ್ಯರನ್ನು. ದೋಷದ ಪ್ರವಾಹ ಕೆಲವೇ ಆಂಪಿಯರ್ ಇದ್ದರೆ ಸಾಮಾನ್ಯ ಬ್ರೇಕರ್ ಬೀಳುವುದಿಲ್ಲ. ದೋಷವಿರುವ ಉಪಕರಣದ ಲೋಹದ ಹೊದಿಕೆ ಶಾಕ್ ಹೊಡೆಯುವ ಸ್ಥಿತಿಯಲ್ಲೇ ಉಳಿಯಬಹುದು. ಹಾಗಾಗಿ ನ್ಯೂಟ್ರಲನ್ನು ನೇರವಾಗಿ, ಎರಡು ಪ್ರತ್ಯೇಕ ಜೋಡಣೆಗಳ ಮೂಲಕ ಭೂಮಿಗೆ ಸೇರಿಸಬೇಕೆಂಬುದು ದೇಶದ ವಿದ್ಯುತ್ ಸುರಕ್ಷತಾ ನಿಯಮ. ಒಂದು ತಂತಿ ತುಕ್ಕು ಹಿಡಿದು ಕಡಿದರೂ ಇನ್ನೊಂದು ಇರಲಿ ಎಂಬುದು ಇದರ ಉದ್ದೇಶ. ರಾಯಚೂರಿನಂತಹ ಬಿಸಿಲ ನಾಡಿನಲ್ಲಿ ಬೇಸಿಗೆಗೆ ಮಣ್ಣು ಒಣಗಿ ಅರ್ಥಿಂಗ್ ಗುಂಡಿಯ ರೋಧ ಏರುತ್ತದೆ. ಅದನ್ನು ಅಳೆಸಬೇಕಾದುದು ಮಳೆಗಾಲದಲ್ಲಲ್ಲ, ಏಪ್ರಿಲ್–ಮೇ ತಿಂಗಳಲ್ಲಿ.