ಪಿಟೀಲಿನ ಎಡಗೈ
ಕ್ಲಿಷ್ಟ ಭಾಗಗಳಲ್ಲಿ ಯಾವ ಸ್ವರಕ್ಕೆ ಯಾವ ಬೆರಳು, ಕೈಯನ್ನು ಎಲ್ಲಿ ಸರಿಸಬೇಕು ಎಂಬುದನ್ನು ಐರೋಪ್ಯ ವಾದ್ಯವೃಂದದ ಪಿಟೀಲುವಾದಕನು ಮೊದಲೇ ನಿಶ್ಚಯಿಸುತ್ತಾನೆ; ಕೈ ಸರಿದುದು ಸಾಮಾನ್ಯವಾಗಿ ಕಿವಿಗೆ ತಿಳಿಯಬಾರದು. ಈ ವಾದ್ಯವನ್ನು ಮದರಾಸಿನಲ್ಲಿ ಐರೋಪ್ಯನೊಬ್ಬನಿಂದ ಕಲಿತು ನಮ್ಮ ಸಂಗೀತಕ್ಕೆ ಅಳವಡಿಸಿದವರು ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು. ನಮ್ಮವರು ನೆಲದ ಮೇಲೆ ಕುಳಿತು ಪಿಟೀಲಿನ ತಲೆಯನ್ನು ಬಲಪಾದಕ್ಕೆ ಊರಿದುದರಿಂದ ಎಡಗೈಗೆ ಭಾರ ತಪ್ಪಿತು. ಅಲ್ಲಿ ಮರೆಸಬೇಕಾದ ಜಾರುವಿಕೆಯೇ ಇಲ್ಲಿ ಗಮಕವಾಯಿತು.

ಮೈಸೂರಿನ ಟಿ. ಚೌಡಯ್ಯನವರು ಧ್ವನಿವರ್ಧಕವಿಲ್ಲದ ಸಭೆಗಳಿಗಾಗಿ 1927ರಲ್ಲಿ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಸೇರಿಸಿದರು. ನಾದ ಹಿಗ್ಗಿತು, ಬೆರಳಿನ ಹೊಣೆಯೂ ಹೆಚ್ಚಿತು. ಜೋಡಿ ತಂತಿಗಳೆರಡನ್ನೂ ಒಂದೇ ಬೆರಳು ಶ್ರುತಿ ಕೆಡದಂತೆ ಒತ್ತಬೇಕಷ್ಟೆ. 1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯು ಅವರಿಗೆ ‘ಸಂಗೀತ ಕಲಾನಿಧಿ’ ಬಿರುದನ್ನಿತ್ತಿತು. ಈ ನಗರದ ಪಿಟೀಲಿನ ಚರಿತ್ರೆಯನ್ನು ಬರೆಯುವವರು ಕನ್ನಡಿಗನ ಈ ಪಾಲನ್ನು ಮರೆಯಲಾಗದು.